ದೀಪ ಒಣಹಾಕುವ ಚಂದ್ರಬಾಯಿ

ಠಾಕುರ್ಲಿ ಸ್ಟೇಷನ್ನಿನ ಪಶ್ಚಿಮಕ್ಕೆ ರಿಕ್ಷಾ ಹಿಡಿದು ಖಾಡಿಯ, ಸಮುದ್ರದ ಹಿನ್ನೀರಿನ, ಕಡೆ ಹೊರಟರೆ ಬಿಲ್ಡಿಂಗುಗಳು ಕಡಿಮೆಯಾಗುತ್ತ ಬಂದು ಕೊನೆಗೊಂದು ತುಕ್ಕು ಹಿಡಿದ ಗೇಟು ಸಿಗುತ್ತದೆ. ಗೇಟಿನ ಒಳಗೆ ಬಣ್ಣದ ಕಾರ್ಖಾನೆಯ ಹಳೆಯ ಕಾಲೊನಿ. ಕಾಲೊನಿಯ ಹಿಂದೆ ಲಿಂಗಾಯತರ ರುದ್ರಭೂಮಿ. ಕತ್ತಲಾದ ಮೇಲೆ ಅಲ್ಲಿಗೆ ಯಾವ ರಿಕ್ಷಾದವನೂ ಹೋಗುವುದಿಲ್ಲ. ನೀಲಗಂಗಾಳನ್ನು ಕೂಡಿಸಿಕೊಂಡು ಬಂದವನೂ ಗೇಟಿನ ಮುಂದೆಯೇ ಬ್ರೇಕು ಹಾಕಿದ.

“ತಾಯಿ, ಪುಢೇ ನಾಯ್ ಜಾತ್ ಮೀ. ತಿಥಂ ಭೂತಂ ಕಪಡೇ ವಾಳತ್ ಘಾಲತಾತ್.”

ಮುಂದೆ ಬರುವುದಿಲ್ಲವಂತೆ, ಅಲ್ಲಿ ದೆವ್ವಗಳು ಬಟ್ಟೆ ಒಣಹಾಕುತ್ತವಂತೆ. ಗಂಡ ಬಸಲಿಂಗಪ್ಪ ಇದ್ದಿದ್ದರೆ “ಒಗ್ಯಾಣ ಮಾಡೂ ದೆವ್ವ ಆದರ ನಮ್ಮನಿಗೂ ಒಂದು ಕಳಸಪಾ” ಅನ್ನುತ್ತಿದ್ದ. ಅವನಿರಲಿಲ್ಲ. ಅವನನ್ನು ಇಲ್ಲಿಯೇ, ಈ ಕಾಲೊನಿಯ ಹಿಂದೆಯೇ ಮಣ್ಣು ಮಾಡಿದ್ದರು. ನೀಲಗಂಗಾ ಬಾಡಿಗೆ ಕೊಟ್ಟು ಇಳಿದಳು. ರಿಕ್ಷಾ ತಿರುಗಿದ್ದೇ ತಡ, ಹಿಂದೆ ನೋಡದೆ ಓಡಿತು.

ಅವಳು ಮನೆಯಲ್ಲಿ ಹಾಲು ತರುತ್ತೇನೆಂದು ಹೇಳಿ ಬಂದಿದ್ದಳು. ಡೊಂಬಿವಲಿಯ ಆ ಸಣ್ಣ ಫ್ಲ್ಯಾಟಿನಲ್ಲಿ ವಿಜಯಪುರದಿಂದ ಬಂದ ಬಳಗ ತುಂಬಿತ್ತು. ನಾಳೆ ಗಣಾರಾಧನೆ. ಗಂಡನ ಹೆಸರಿನಲ್ಲಿ ಅಯ್ಯನವರು ಬಂದು ಪಾದಪೂಜೆ ಆಗಿ ಮಂದಿ ಉಣ್ಣುವ ದಿನ. ಎಲ್ಲರ ಮುಂದೆ ನೀಲಗಂಗಾ ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂಡಬೇಕು. ಆದರೆ ಅವಳ ಕೊರಳಲ್ಲಿ ಇದ್ದದ್ದು ಅವಳ ಲಿಂಗವಲ್ಲ. ಗಂಡನದು.

ತಪ್ಪು ಆದದ್ದು ಹೀಗೆ. ಎದೆಯಲ್ಲಿ ನೀರು ತುಂಬಿ ಬಸಲಿಂಗಪ್ಪ ಕಲ್ಯಾಣದ ಆಸ್ಪತ್ರೆ ಸೇರಿದಾಗ ನರ್ಸು ಅವನ ಮೈಮೇಲಿದ್ದುದನ್ನೆಲ್ಲ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟಿದ್ದಳು. ಲಿಂಗವನ್ನು ಪೂಜೆಯಿಲ್ಲದೆ ಇಡಲಿಕ್ಕಾಗುವುದಿಲ್ಲ. ಅವನಿಗೆ ಕೈ ಎತ್ತಲಿಕ್ಕೂ ಆಗುತ್ತಿರಲಿಲ್ಲ. ಹಾಗಾಗಿ ನೀಲಗಂಗಾ ದಿನಾ ಬೆಳಿಗ್ಗೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಮೊದಲು ಅವನ ಲಿಂಗಕ್ಕೆ, ಆಮೇಲೆ ತನ್ನದಕ್ಕೆ ವಿಭೂತಿ ಹಚ್ಚಿ ಪತ್ರಿ ಏರಿಸುತ್ತಿದ್ದಳು. ಇಬ್ಬರ ಲಿಂಗಕ್ಕೂ ಬೆಳ್ಳಿಯ ಕರಡಿಗೆ. ಮದುವೆಯಲ್ಲಿ ಒಬ್ಬನೇ ಅಕ್ಕಸಾಲಿ ಒಂದೇ ನಮೂನೆ ಮಾಡಿ ಕೊಟ್ಟದ್ದು. ಆ ಕಡೆಯ ದಿನ ಎರಡೂ ಲಿಂಗ ಕೈಯಲ್ಲಿದ್ದಾಗಲೇ ಒಳಗಿನಿಂದ ಕೂಗು ಬಂತು. ಅವಳು ಎರಡನ್ನೂ ಎರಡು ಕರಡಿಗೆಯಲ್ಲಿ ತುರುಕಿ ಓಡಿದಳು. ಆಮೇಲೆ ಅಳು, ಅಂಬ್ಯುಲನ್ಸು, ಮಂದಿ. ಅಯ್ಯನವರು ಬಸಲಿಂಗಪ್ಪನ ಕರಡಿಗೆ ತೆರೆದು, ಒಳಗಿದ್ದುದನ್ನು ಅವನ ಎಡಗೈಯಲ್ಲಿ ಇಟ್ಟು ಮಣ್ಣು ಎಳೆಸಿದರು.

ಆಮೇಲೆ ಅವಳು ತನ್ನ ಕರಡಿಗೆ ತೆರೆದೇ ಇರಲಿಲ್ಲ. ಶಿವನ ಮೇಲೆ ಸಿಟ್ಟು. ನಿನ್ನೆ ಬೆಳಿಗ್ಗೆ, ಬಳಗ ನೋಡುತ್ತಿದೆಯಲ್ಲ ಎಂದು ತೆರೆದಳು. ಲಿಂಗದ ಅಂಚಿನಲ್ಲಿ ಸಣ್ಣ ಮುಕ್ಕು. ಹುಡುಗನಿದ್ದಾಗ ಬಸಲಿಂಗಪ್ಪ ಹೊಸ್ತಿಲ ಮೇಲೆ ಬೀಳಿಸಿಕೊಂಡು ತಾಯಿಯ ಕೈಯಿಂದ ಏಟು ತಿಂದದ್ದು ಅದಕ್ಕೇ. ಆ ಮುಕ್ಕಿನ ಮೇಲೆ ನೀಲಗಂಗಾ ಎಷ್ಟು ಸಲ ಬೆರಳಾಡಿಸಿದ್ದಳೋ. ಆಗಿನಿಂದ ಅವಳ ಗಂಟಲಲ್ಲಿ ನೀರು ಬಿಟ್ಟು ಏನೂ ಇಳಿದಿರಲಿಲ್ಲ. ಸಿಟ್ಟಿನಲ್ಲಿ ಪೂಜೆಯಿಲ್ಲದೆ ಉಂಡದ್ದು ಬೇರೆ, ಅದು ಅವಳಿಗೂ ಶಿವನಿಗೂ ಇದ್ದ ಜಗಳ. ಇದು ಹಾಗಲ್ಲ. ಮಣ್ಣಿನೊಳಗೆ ಗಂಡ ಬೇರೆಯವರ ಲಿಂಗ ಹಿಡಿದುಕೊಂಡು ಕೂತಿದ್ದಾನೆ.

ಮೈದುನ ಕೈಲಾಸನಿಗೆ ಹೇಳಿದ್ದಳು. ಅವನು ಫೋನಿನಿಂದ ತಲೆ ಎತ್ತದೆ, “ವೈನಿ, ಯಾರ ನೋಡ್ತಾರ? ಮಂದೀ ಮುಂದ ಹೇಳಬ್ಯಾಡ್ರಿ, ನಗ್ತಾರ,” ಎಂದಿದ್ದ.

ಅದಕ್ಕೇ ತಾನೇ ಬಂದಳು. ಸಮಾಧಿಯ ಗುಣಿಯಲ್ಲಿ ಇಳಿದು ಗಂಡನ ಬೆನ್ನು ಹಿಡಿದು ಕೂಡಿಸಿದ್ದು ಒಬ್ಬ ಮುದುಕಿ ಎಂಬುದಷ್ಟು ನೆನಪಿತ್ತು. ಕಾಲೊನಿಯಲ್ಲೇ ಇರುತ್ತಾಳೆಂದು ಯಾರೋ ಅಂದಿದ್ದರು. ಅವಳನ್ನು ಹುಡುಕಬೇಕು. ಸಮಾಧಿ ತೆಗೆಸಬೇಕು. ಲಿಂಗ ಬದಲಿಸಬೇಕು. ನಾಳೆ ಬೆಳಗಾದರೆ ಮತ್ತೆ ಒಂಟಿಯಾಗಿ ಹೊರಬೀಳಲು ಹೊತ್ತು ಸಿಗುವುದಿಲ್ಲ.

ಗೇಟಿನ ಒಳಗೆ ರಸ್ತೆ ಇತ್ತು, ಡಾಂಬರು ಇರಲಿಲ್ಲ. ಎರಡೂ ಕಡೆ ಮೂರು ಅಂತಸ್ತಿನ ಕ್ವಾರ್ಟರ್ಸು. ಗೋಡೆಗಳನ್ನು ಆಲದ ಬೇರು ತಬ್ಬಿಕೊಂಡಿತ್ತು. ಮೊಬೈಲಿನ ಬೆಳಕಿನಲ್ಲಿ ಒಂದು ರೇಶನ್ ಅಂಗಡಿ ಕಂಡಿತು, ಶಟರು ಹರಿದಿತ್ತು. ಶಾಲೆ ಕಂಡಿತು, ಮೇಲೆ ಹಂಚಿರಲಿಲ್ಲ. ಗಣಪತಿ ಕೂಡಿಸುವ ಕಟ್ಟೆ ಕಂಡಿತು, ಅದರ ಮೇಲೆ ಒಂದು ನಾಯಿ ಮಲಗಿ ಅವಳನ್ನೇ ನೋಡುತ್ತಿತ್ತು, ಬೊಗಳಲಿಲ್ಲ. ಬೊಗಳಿದ್ದರೆ ಒಳ್ಳೆಯದಿತ್ತು. ಒಂದು ಊರಿಗೆ ಬೇಕಾದದ್ದೆಲ್ಲ ಅಲ್ಲಿತ್ತು, ಊರವರು ಮಾತ್ರ ಇರಲಿಲ್ಲ. ಖಾಡಿಯ ಕೆಸರಿನ ವಾಸನೆ ಬರುತ್ತಿತ್ತು. ದೂರದ ಗಿಡಗಳಲ್ಲಿ ನರಿಯೋ ಏನೋ ಒಂದು ಸಲ ಕೂಗಿ ಸುಮ್ಮನಾಯಿತು.

ಆದರೆ ಕಿಟಕಿಗಳಲ್ಲಿ ಬೆಳಕಿತ್ತು.

ಮೊದಲ ಬಿಲ್ಡಿಂಗಿನಲ್ಲಿ ಒಂದು ಕಿಟಕಿ. ಅದರ ಎದುರಿನದರಲ್ಲಿ ಎರಡು. ಆಚೆ ಇನ್ನೊಂದು. ಗ್ಯಾಲರಿಯ ಹಗ್ಗಗಳ ಮೇಲೆ ಸೀರೆ ಒಣಹಾಕಿದ್ದರು. ನೀಲಗಂಗಾಳ ಜೀವ ಹಗುರಾಯಿತು. ಸಂಸಾರಸ್ಥರಿದ್ದಾರೆ. ಕೂಗಿದಳು.

“ಯಾರದೀರಿ? ಕೋಣೀ ಆಹೇ ಕಾ?”

ಯಾರೂ ಓ ಅನ್ನಲಿಲ್ಲ. ಟೀವಿಯ ಸದ್ದಿಲ್ಲ, ಒಗ್ಗರಣೆಯ ವಾಸನೆಯಿಲ್ಲ, ಕೂಸಿನ ಅಳುವಿಲ್ಲ. ಅವಳು ಮೆಟ್ಟಿಲು ಹತ್ತಿದಳು. ಬೆಳಕಿದ್ದ ಮನೆಗೆ ಬಾಗಿಲೇ ಇರಲಿಲ್ಲ. ಚೌಕಟ್ಟನ್ನೂ ಕಿತ್ತು ಒಯ್ದಿದ್ದರು. ಒಳಗೆ ನೆಲದ ತುಂಬ ಒಣ ಎಲೆ, ಪಾರಿವಾಳದ ಹಿಕ್ಕೆ. ಕಿಟಕಿಯಲ್ಲಿ ಅಂಗೈಯಗಲದ ಒಂದು ದೀಪ ತನ್ನಷ್ಟಕ್ಕೆ ಉರಿಯುತ್ತಿತ್ತು. ಪಕ್ಕದ ಮನೆ ನೋಡಿದಳು. ಅದೂ ಹಾಗೇ. ಯಾರೂ ಇಲ್ಲದ ಕೋಣೆ, ಒಂದು ದೀಪ.

ಹಿಂದೆ ಸರಿಯುವಾಗ ಗ್ಯಾಲರಿಯ ಸೀರೆ ಮುಖಕ್ಕೆ ಬಡಿಯಿತು. ಒದ್ದೆ ಇತ್ತು. ಇವತ್ತು ಒಗೆದದ್ದು. ಬೆಳಕು ಹಿಡಿದು ನೋಡಿದಳು. ಬದನೆಕಾಯಿ ಬಣ್ಣ. ಅಚ್ಚು ತಪ್ಪಿ ಸೆರಗಿನ ಹೂವೆಲ್ಲ ತಲೆಕೆಳಗೆ.

ಆ ಸೀರೆ ಅವಳಿಗೆ ಗೊತ್ತಿತ್ತು. ಬಸಲಿಂಗಪ್ಪ ಕಲ್ಯಾಣದ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ಒಂದು ದೀಪಾವಳಿಗೆ ಇದನ್ನು ತಂದಿದ್ದ. “ಡಿಫೆಕ್ಟ್ ಪೀಸ್ ನನಗ ಯಾಕ ಬೇಕು? ತಲಿಕೆಳಗ ಹೂವು ಉಟಗೊಂಡು ಓಡ್ಯಾಡಲೇನು?” ಎಂದು ಅವಳು ಅವನ ಮುಂದೆಯೇ ಎಸೆದಿದ್ದಳು. “ಉಡವರು ಯಾರರ ಉಡ್ತಾರ ಬಿಡು,” ಎಂದು ಅವನು ಮಡಚಿ ಒಯ್ದಿದ್ದ. ಆ ಸೀರೆ ಇಲ್ಲಿ ಯಾರಿಲ್ಲದ ಮನೆಯ ಮುಂದೆ ನೀರು ತೊಟ್ಟಿಕ್ಕುತ್ತ ತೂಗುತ್ತಿತ್ತು.

ಕೆಳಗಿನಿಂದ ದನಿ ಬಂತು.

“ಯಾಂವ ಅಂವಾ ಮ್ಯಾಲ? ಕಬ್ಬಿಣಾ ಕದಿಯಾಕ ಬಂದಿದ್ದರ ಸುಮ್ಮ ಇಳಿ. ನಿಮ್ಮ ಅಣ್ಣಗೋಳು ಎಲ್ಲಾ ಒಯ್ದಾರ. ಇನ್ನ ಬಿಲ್ಡಿಂಗೊಂದ ಉಳದೈತಿ, ಅದನ್ನ ಹೊತಗೊಂಡು ಹೋಗು.”

ಬದುಕಿದವರ ಬಾಯಿ ಅದು. ನೀಲಗಂಗಾ ಗ್ಯಾಲರಿಯ ಕಟಕಟೆ ಹಿಡಿದು ಬಗ್ಗಿದಳು. ಕೆಳಗೆ ಗಿಡ್ಡ ಮುದುಕಿಯೊಬ್ಬಳು ನಿಂತಿದ್ದಳು. ಕಚ್ಚೆ ಹಾಕಿದ ಸೀರೆ, ಹಣೆ ತುಂಬ ವಿಭೂತಿ, ಕೈಯಲ್ಲಿ ಬಿದಿರ ಕೋಲು. ಕೊರಳಲ್ಲಿ ತೂಗಿದ ಚೀಲದೊಳಗಿನಿಂದ ಬೆಳಕು ಸೋರುತ್ತಿತ್ತು.

“ಕಳ್ಳಿ ಅಲ್ರೀ. ನಾನು ನೀಲಗಂಗಾ. ಸೀರೀ ಅಂಗಡಿ ಬಸಲಿಂಗಪ್ಪನ ಹೇಣ್ತಿ.”

ಮುದುಕಿ ಕೋಲು ಕೆಳಗಿಟ್ಟಳು.

“ಸಣ್ಣ ಪಾದದಾಂವ. ಬಾ ತಂಗಿ, ಇಳಿ. ಆ ಮೆಟ್ಟಲಾ ನಡುವ ತುಳೀಬ್ಯಾಡ, ಗ್ವಾಡೀಗೆ ಹತ್ತಿ ಬಾ.”

ಅವಳೇ ಚಂದ್ರಬಾಯಿ.

ಚಂದ್ರಬಾಯಿಯ ಊರು ಇಂಡಿಯ ಹತ್ತಿರ. ಮದುವೆಯಾಗಿ ಈ ಕಾಲೊನಿಗೆ ಬಂದಾಗ ಇಲ್ಲಿ ನೀರಿನ ನಲ್ಲಿಗೆ ಜಗಳವಾಗುವಷ್ಟು ಮಂದಿಯಿದ್ದರು. ಗಂಡ ಗುರುವಪ್ಪ ಬಾಯ್ಲರಿನ ಕೆಲಸಗಾರ. ಊರ ಕಡೆಯಿಂದ ಬಂದ ಲಿಂಗಾಯತರು ಸತ್ತರೆ ಹೂಳುವುದಕ್ಕೆ ಜಾಗವಿಲ್ಲದೆ ಒದ್ದಾಡುತ್ತಿದ್ದಾಗ ಕಾರ್ಖಾನೆಯ ಹಳೆಯ ಸಾಹೇಬನೊಬ್ಬ ಹಿಂದಿನ ತುಂಡು ಭೂಮಿ ಬಿಟ್ಟುಕೊಟ್ಟಿದ್ದ. ಗುಣಿ ತೋಡುವ ಕೆಲಸ ಗುರುವಪ್ಪ ತಾನಾಗಿ ಹಿಡಿದ. ಹೆಂಡತಿ ನೀರು, ಚಹಾ ಒಯ್ಯುತ್ತ ನೋಡಿ ಕಲಿತಳು.

ಕಾರ್ಖಾನೆ ಮುಚ್ಚಿತು. ಮಂದಿ ಒಂದೊಂದೇ ಟೆಂಪೊದಲ್ಲಿ ಸಾಮಾನು ಹೇರಿ ದಿವಾ ಸ್ಟೇಷನ್ನಿನ ಕಡೆಗೋ ಊರಿಗೋ ಹೋದರು. ಗುರುವಪ್ಪ ಹೋಗಲಿಲ್ಲ. ಲಾಕ್‌ಡೌನಿನಲ್ಲಿ ಅವನು ಸತ್ತಾಗ ಹೆಗಲು ಕೊಡಲಿಕ್ಕೆ ಯಾರೂ ಬರಲಿಲ್ಲ. ಪೊಲೀಸರು ರಸ್ತೆ ಮುಚ್ಚಿದ್ದರು. ಚಂದ್ರಬಾಯಿ ಕಚ್ಚೆ ಕಟ್ಟಿದಳು. ಗಂಡನ ಪಾದವನ್ನು ಕಡ್ಡಿಯಿಂದ ಅಳೆದಳು, ಯಾಕೆಂದರೆ ಸತ್ತವರ ಪಾದದ ಅಳತೆಯಿಂದಲೇ ಅವರ ಗುಣಿ ಆಗಬೇಕು. ಆ ಕಡ್ಡಿ ಹಿಡಿದು ತಾನೇ ತೋಡಿದಳು, ಗುಣಿಯ ಗೋಡೆಯಲ್ಲಿ ಅವನು ಕೂಡುವಷ್ಟು ಗೂಡು ಕೊರೆದಳು, ಕೈಗಾಡಿಯಲ್ಲಿ ಅವನನ್ನು ತಂದು ಕೂಡಿಸಿದಳು. ಅಯ್ಯನವರು ಫೋನಿನಲ್ಲಿ ಮಂತ್ರ ಹೇಳಿದರು.

ಅದಾದ ಮೇಲೆ ಸತ್ತವರ ಮನೆಯವರು ಅವಳನ್ನೇ ಕರೆಯತೊಡಗಿದರು. ಕರೆಯುತ್ತಲೇ ಗೊಣಗಿದವರೂ ಇದ್ದರು. ಹೆಂಗಸು ಗುಣಿಯಲ್ಲಿ ಇಳಿಯಬಾರದೆಂದು ಒಬ್ಬ ಹಿರಿಯ ಅಂದಾಗ ಚಂದ್ರಬಾಯಿ ಗುಣಿಯೊಳಗಿನಿಂದಲೇ ತಲೆ ಎತ್ತಿ ಕೇಳಿದಳಂತೆ: “ಹೊಟ್ಟ್ಯಾಗ ಇಟಗೊಂಡು ಹೊತ್ತಾಕಿ ನಾನ. ಮಣ್ಣಾಗ ಇಡಾಕ ನನಗ ಬರೂದಿಲ್ಲೇನು? ನೀವ ಇಳೀರಿ ಹಂಗಾರ, ನಾ ಮ್ಯಾಲ ಬರ್ತೀನಿ.” ಹಿರಿಯ ಇಳಿಯಲಿಲ್ಲ. ಆ ಮಾತು ಅಲ್ಲಿಗೇ ಮುಗಿಯಿತು.

ಇದೆಲ್ಲ ನೀಲಗಂಗಾಳಿಗೆ ಆ ರಾತ್ರಿ ನಡೆಯುತ್ತ ನಡೆಯುತ್ತ ತಿಳಿಯಿತು. ಚಂದ್ರಬಾಯಿ ತನ್ನ ಸುತ್ತು ನಿಲ್ಲಿಸಲಿಲ್ಲ. ಒಂದೊಂದು ಬಿಲ್ಡಿಂಗಿಗೆ ಹೋಗಿ ಚೀಲದಿಂದ ಒಂದು ದೀಪ ತೆಗೆದು ಕಿಟಕಿಯಲ್ಲಿ ಇಟ್ಟು ಬರುತ್ತಿದ್ದಳು. ಬಿಸಿಲಿನಿಂದ ಚಾರ್ಜ್ ಆಗುವ ದೀಪ. ಹಗಲೆಲ್ಲ ಅಂಗಳದಲ್ಲಿ ಚಾಪೆಯ ಮೇಲೆ ಹಪ್ಪಳ ಒಣಹಾಕಿದಂತೆ ಸಾಲಾಗಿ ಹರಡುತ್ತಾಳೆ, ಕಾಗೆ ಓಡಿಸುತ್ತಾಳೆ, ಹೊತ್ತು ಮುಳುಗಿದ ಮೇಲೆ ಹೊತ್ತುಕೊಂಡು ತಿರುಗುತ್ತಾಳೆ. ಸೀರೆಗಳೂ ಅವಳವೇ. ಇವತ್ತು ಇಲ್ಲಿ, ನಾಳೆ ಅಲ್ಲಿ.

“ಯಾಕ್ರೀ ಇಷ್ಟೆಲ್ಲಾ?”

“ಯಾರೂ ಇಲ್ಲಂತ ಗೊತ್ತಾದ್ರ ಮುಗೀತ ನೋಡು. ಮೊದಲ ಕಿಟಕಿ ಸರಳು ಹೋಗ್ತಾವ. ಆಮ್ಯಾಲ ಬಾಗಲ. ಆಮ್ಯಾಲ ಸಮಾಧಿ ಮ್ಯಾಲಿನ ಕಲ್ಲು. ಆಮ್ಯಾಲ ಒಂದಿನಾ ರಾತ್ರಿ ಜೆಸಿಬಿ ಬರ್ತೈತಿ, ಬೆಳಗಾಗೂದ್ರಾಗ ಚಾಳ ಎದ್ದಿರ್ತೈತಿ. ಕುಂತವರ ತಲೀಮ್ಯಾಲ ಸಂಡಾಸ ಕಟ್ತಾರ. ಬಟ್ಟಿ ತೂಗಾಡಕತ್ರ, ದೀಪಾ ಕಂಡ್ರ, ಬರವರು ಹಿಂದ ಮುಂದ ನೋಡ್ತಾರ.”

“ದೆವ್ವಂತ ಅಂತಾರ ಮಂದಿ.”

“ಅನ್ನಲಿ. ದೆವ್ವ ಕಾವಲಿದ್ರ ಪಗಾರ ಬ್ಯಾರೆ ಕೊಡಬೇಕಾಗೂದಿಲ್ಲ.”

ನೀಲಗಂಗಾಳ ತುಟಿ ಸ್ವಲ್ಪ ಅಲ್ಲಾಡಿತು.

“ನಿಮಗ ಅಂಜಿಕಿ ಇಲ್ಲೇನ್ರೀ?”

“ಐತಿ. ಹಾವಿಂದು. ಮತ್ತ ಮಗಳಿಂದು. ದಿವಾದಾಗ ಇರ್ತಾಳ. ವಾರಕ್ಕೊಮ್ಮಿ ಬಂದು ‘ಆಯಿ, ಚಲ್ ಮಾಝ್ಯಾಕಡೆ’ ಅಂತ ತನ್ನ ಮನೀಗೆ ಕೈ ಹಿಡದು ಎಳೀತಾಳ. ಅಕೀ ಮನ್ಯಾಗ ಕಾಲು ಚಾಚಿದ್ರ ಗ್ವಾಡಿಗೆ ಬಡೀತಾವ. ಇಲ್ಲಿ ನೋಡು, ಬೇಕಾದ ಮನ್ಯಾಗ ಮಲಗು, ಬಾಡಗಿ ಕೇಳವರಿಲ್ಲ.”

ನೀಲಗಂಗಾ ಬದನೆಕಾಯಿ ಬಣ್ಣದ ಸೀರೆಯ ಮಾತು ತೆಗೆದಳು. ಚಂದ್ರಬಾಯಿ ನಿಂತಳು.

“ನಿನ್ನ ಗಂಡನ ತಂದದ್ದು. ತನ್ನ ಅಪ್ಪನ ಸಮಾಧೀಗೆ ಅಮಾಸಿಗೊಮ್ಮಿ ಬರ್ತಿದ್ದ. ಮೊದಲ ನನ್ನ ಹಂತ್ಯಾಕ ಎರಡ ಸೀರಿ ಇದ್ದು. ಎರಡ ಸೀರ್ಯಾಗ ಊರ ತುಂಬ ಸಂಸಾರ ತೋರಸೂದು ಹೆಂಗ? ಅದನ್ನ ನೋಡಿ ಹೋದಾಂವ ಮುಂದಿನ ಸಲಾ ಚೀಲಾ ತುಂಬ ತಂದ. ಅಂಗಡ್ಯಾಗ ಕೆಟ್ಟಿದ್ದವು, ಅಚ್ಚ ತಪ್ಪಿದ್ದವು. ‘ಬ್ಯಾರೆ ಬ್ಯಾರೆ ಬಣ್ಣ ಆರಿಸಿ ತಂದೀನಿ ಅವ್ವಾ, ಒಂದ ಮನೀ ಸೀರಿ ಅನಸಬಾರದು’ ಅಂದ. ಮೆತ್ತನ್ನ ಮನಶ್ಯಾ. ನಿನಗ ಹೇಳಿರಲಿಲ್ಲೇನು?”

“ಇಲ್ಲ.”

“ಗಂಡಸರು ಮಾಡಬಾರದ್ದು ಮಾಡಿದ್ರೂ ಹೇಳೂದಿಲ್ಲ, ಚಲೋದು ಮಾಡಿದ್ರೂ ಹೇಳೂದಿಲ್ಲ.”

ಗಂಡ ಮಾಡಿದ್ದು ಅವನು ಹೋದ ಮೇಲೆ ಬೇರೆಯವರ ಬಾಯಿಂದ ಕೇಳುವುದು ಒಂಥರಾ. ಸಂತೋಷವೂ ಆಗುತ್ತದೆ, ಹೊಟ್ಟೆಯೂ ಉರಿಯುತ್ತದೆ.

ಕ್ವಾರ್ಟರ್ಸಿನ ಸಾಲು ಮುಗಿದು ರುದ್ರಭೂಮಿ ಬಂತು. ಅಲ್ಲಿ ಗೇಟಿಲ್ಲ, ಎರಡು ಬೇವಿನ ಗಿಡಗಳೇ ಗೇಟು. ಹಳೆಯ ಸಮಾಧಿಗಳ ಮೇಲೆ ಕಲ್ಲಿನ ಲಿಂಗ, ಸಣ್ಣ ಬಸವಣ್ಣ. ಕೆಲವು ಹುಲ್ಲಿನಲ್ಲಿ ಮುಳುಗಿದ್ದವು. ಆಚೆ ಖಾಡಿಯ ನೀರು ಕಪ್ಪಗೆ ಹೊಳೆಯುತ್ತಿತ್ತು. ಕತ್ತಲಲ್ಲಿ ಆ ದಿಬ್ಬಗಳು ಹೊದ್ದುಕೊಂಡು ಕೂತ ಮನುಷ್ಯರ ಹಾಗೆ ಕಾಣುತ್ತಿದ್ದವು. ಕೂತೇ ಇದ್ದಾರಲ್ಲ ಒಳಗೆ, ಎಂದುಕೊಂಡು ನೀಲಗಂಗಾ ಮುದುಕಿಯ ಸೆರಗು ಹಿಡಿದಳು. ಚಂದ್ರಬಾಯಿ ಮಾತ್ರ ಸಂತೆಯಲ್ಲಿ ಪರಿಚಯದವರು ಸಿಕ್ಕ ಹಾಗೆ ನಡೆದಳು.

“ಇದು ಶಂಕ್ರೆಪ್ಪಂದು. ಪಾದ ಅಂದ್ರ ಪಾದ ಅಲ್ಲವು, ದೋಣಿ. ತೋಡಿ ತೋಡಿ ನನ್ನ ಸೊಂಟ ಹೋತು. ನಿನ್ನ ಗಂಡ ಪುಣ್ಯಾತ್ಮ. ಸಣ್ಣ ಪಾದ, ನನಗ ಕೆಲಸ ಕಡಿಮಿ ಆತು.”

ನೀಲಗಂಗಾಳಿಗೆ ನಗು ಬಂತು. ಬಂದದ್ದೇ ಅದು ಅಳುವಾಯಿತು. ಬಸಲಿಂಗಪ್ಪನ ಕಾಲಿಗೆ ಹುಡುಗರ ಅಳತೆಯ ಚಪ್ಪಲಿಯೇ ಆಗುತ್ತಿತ್ತು. ಅಂಗಡಿಯವ ಕೇಳಿದಾಗಲೆಲ್ಲ ಅವನು ನಾಚಿಕೊಳ್ಳುತ್ತಿದ್ದ. ಚಂದ್ರಬಾಯಿ ಸಮಾಧಾನ ಹೇಳಲಿಲ್ಲ. ಪಕ್ಕದ ಕಲ್ಲಿನ ಮೇಲೆ ಕೂತು ಅಳು ಮುಗಿಯುವ ತನಕ ಎಲೆ ಅಡಿಕೆ ಹಾಕಿಕೊಂಡಳು.

ಅಳು ಮುಗಿದ ಮೇಲೆ ನೀಲಗಂಗಾ ಎಲ್ಲ ಹೇಳಿದಳು. ಬೆಂಚು, ಎರಡು ಕರಡಿಗೆ, ಮುಕ್ಕಾದ ಲಿಂಗ, ನಿನ್ನೆಯಿಂದ ಇಳಿಯದ ಅನ್ನ. ಹೇಳಿ ಕೊರಳಿನ ಕರಡಿಗೆ ಬಿಚ್ಚಿ ಮುಂದೆ ಹಿಡಿದಳು.

“ತಗಸ್ರಿ ಅವ್ವಾ. ಅವರ ಕೈಗೆ ಅವರದು ಕೊಡ್ರಿ. ನನಗ ನಂದು ಕೊಡ್ರಿ. ಅದಾಗೂ ತನಕ ನನ್ನ ಬಾಯಾಗ ತುತ್ತು ಇಳಿಯೂದಿಲ್ಲ.”

ಚಂದ್ರಬಾಯಿ ‘ಯಾರ ನೋಡ್ತಾರ’ ಅನ್ನಲಿಲ್ಲ. ನಗಲಿಲ್ಲ. ಬಾಯೊಳಗಿನದನ್ನು ಉಗುಳಿ ಬಂದು, ಹೊಸ ಮಣ್ಣಿನ ದಿಬ್ಬದ ಸುತ್ತ ಒಮ್ಮೆ ನಡೆದಳು. ಬೇವಿನ ಗಿಡಕ್ಕೆ ಒರಗಿಸಿದ್ದ ಸಲಿಕೆ ತಂದಳು.

“ಮಣ್ಣು ಇನ್ನಾ ಸಡಲ ಐತಿ. ತಗೀಬೌದು. ಆದ್ರ ನಾ ತಗ್ಯಾಂಗಿಲ್ಲ. ತಗೋ, ನೀ ತೋಡು. ನಾ ದೀಪಾ ಹಿಡೀತೀನಿ.”

ನೀಲಗಂಗಾ ಕರಡಿಗೆಯನ್ನು ಮತ್ತೆ ಕೊರಳಿಗೆ ಹಾಕಿಕೊಂಡು ಸಲಿಕೆ ತೆಗೆದುಕೊಂಡಳು. ಸೆರಗು ಸಿಕ್ಕಿಸಿದಳು. ಹೂವು, ಪತ್ರಿಗಳನ್ನು ಪಕ್ಕಕ್ಕೆ ಸರಿಸಿ ಮೊದಲ ಏಟು ಹಾಕಿದಳು. ಮಣ್ಣು ಸುಲಭವಾಗಿ ಬಂತು. ಉಂಡಿರಲಿಲ್ಲ, ಆದರೂ ತೋಡಿದಳು. ಮಣ್ಣಿನೊಳಗಿನಿಂದ ವಿಭೂತಿಯ ವಾಸನೆ ಬಂದ ಹಾಗಾಯಿತು. ದೂರದಲ್ಲಿ ಕಲ್ಯಾಣದ ಲೋಕಲ್ಲು ಹಾರ್ನ್ ಹಾಕಿ ಹೋಯಿತು. ದೀಪ ಹಿಡಿದ ಚಂದ್ರಬಾಯಿ ಬಾತ ಮೊಣಕಾಲು ಸವರಿಕೊಳ್ಳುತ್ತ, ಊರ ಸುದ್ದಿ ಹೇಳುವವಳ ಹಾಗೆ ಹೇಳಿದಳು.

“ದವಾಖಾನಿಯಿಂದ ತರೂದ್ರಾಗ ಭಾಳ ಹೊತ್ತಾಗಿತ್ತು. ಕೈ ಕಟಗಿ ಆಗಿತ್ತು. ಅಯ್ಯನವರು ಲಿಂಗಾ ಇಟ್ಟರು. ಬೆರಳ ಮಡಚಲಿಲ್ಲ. ಲಿಂಗಾ ಜಾರಿ ಜಾರಿ ತೊಡೀಮ್ಯಾಲ ಬೀಳಾಕತ್ತು. ‘ಹಂಗ ಇಟ್ಟು ಮಣ್ಣ ಹಾಕ ಬಾಯಿ, ಹೊತ್ತಾಗ್ತೈತಿ’ ಅಂದ್ರು ಮ್ಯಾಲಿನವರು. ನಾ ಒಪ್ಪಲಿಲ್ಲ. ಅಂವನ ಕೈ ನನ್ನ ಎರಡೂ ಕೈಯಾಗ ಇಟಗೊಂಡು ತಿಕ್ಕೀನಿ. ವಿಭೂತಿ ಹಚ್ಚಿ ತಿಕ್ಕೀನಿ. ಒಂದೊಂದ ಬಟ್ಟ ಮಡಚೀನಿ. ಕಡೀಕ ಹೆಬ್ಬಟ್ಟು ಮಡಚಿತು. ಆಗ ಮುಷ್ಟಿ ಗಟ್ಟಿ ಆತು ನೋಡು, ಕೂಸು ಹಿಡಕೊಂಡಾಂಗ.”

ನೀಲಗಂಗಾಳ ಸಲಿಕೆ ನಿಂತಿತು.

“ಅದನ್ನ ಮತ್ತ ಬಿಚ್ಚಾಕ ನನಗ ಆಗೂದಿಲ್ಲ,” ಎಂದಳು ಚಂದ್ರಬಾಯಿ. “ಬಿಚ್ಚಬೇಕು ಅಂದ್ರ ಮುರೀಬೇಕು. ನಿನಗ ಆಗ್ತೈತಿ ಅಂದ್ರ ತೋಡು. ತಪ್ಪಂತ ನಾ ಅನ್ನೂದಿಲ್ಲ. ದೀಪಾ ಹಿಡೀತೀನಿ.”

ನೀಲಗಂಗಾ ತಾನು ತೋಡಿದ ತಗ್ಗನ್ನು ನೋಡುತ್ತ ನಿಂತಳು. ಆಸ್ಪತ್ರೆಯಲ್ಲಿ ಆ ಕೈಗೆ ಸೂಜಿ ಚುಚ್ಚಿದ ಕಡೆಯೆಲ್ಲ ನೀಲಿ ಕಟ್ಟಿತ್ತು. ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಆ ಬೆರಳುಗಳು. ಸೀರೆ ಮಡಚಿ ಮಡಚಿ ತುದಿ ನುಣುಪಾದ ಬೆರಳುಗಳು.

ಸಲಿಕೆ ಕೈಯಿಂದ ಬಿತ್ತು.

“ಮತ್ತ ನಾ ಏನ ಮಾಡ್ಲಿ? ಇದು ಅವರದು. ನನ್ನದಲ್ಲ. ಅವರದಕ್ಕ ನಾ ಹೆಂಗ ಪೂಜಿ ಮಾಡ್ಲಿ?”

ಚಂದ್ರಬಾಯಿಗೆ ಈಗ ಸಿಟ್ಟು ಬಂತು. ನಿಜವಾದ ಸಿಟ್ಟು.

“ದವಾಖಾನ್ಯಾಗ ಯಾರ ಮಾಡಿದ್ರು?”

“ನಾನ.”

“ಯಾಕ ಮಾಡಿದಿ?”

“ಅವರಿಗೆ ಕೈ ಎತ್ತಾಕ ಆಗತಿರಲಿಲ್ಲ.”

“ಈಗೇನ ಎತ್ತಾಕ ಬರ್ತೈತೇನು?”

ನೀಲಗಂಗಾ ದಿಬ್ಬದ ಕಡೆ ನೋಡಿದಳು. ಬೇವಿನ ಎಲೆಗಳು ಅಲ್ಲಾಡಿದವು, ನಿಂತವು.

“ಅಂವಾ ಕುಂತಾನ, ಅಂವನ ಕೈ ಖಾಲಿ ಇಲ್ಲ. ಯಾರದೋ ಹಿಡದಿಲ್ಲ, ಮನ್ಯಾಕೀದು ಹಿಡದಾನ. ಈ ಮುಕ್ಕಾಗಿದ್ದು ಮ್ಯಾಲ ಉಳದೈತಿ. ಇದಕ್ಕ ನೀರು, ಪತ್ರಿ ಯಾರ ಕೊಡಬೇಕು? ನಿನ್ನ ಮೈದನ? ಮಣ್ಣಾಗ ಹಾಕಿ ಹೋಗ್ತೀನಂದ್ರ ಹಾಕು. ಆದ್ರ ನೀ ಬೆಂಚಿನ ಮ್ಯಾಲ ಕುಂತು ಅಷ್ಟು ದಿನಾ ಮಾಡಿದ್ದನ್ನ ಯಾಕ ನಿಲ್ಲಸ್ತಿ? ಕೆಲಸಾ ಇನ್ನಾ ಮುಗದಿಲ್ಲಲ್ಲ.”

ಇದನ್ನು ಯಾವ ಅಯ್ಯನವರೂ ಹೇಳುತ್ತಿರಲಿಲ್ಲ. ಸರಿಯೋ ತಪ್ಪೋ ನೀಲಗಂಗಾಳಿಗೆ ತಿಳಿಯದು. ಆದರೆ ಅವಳು ಬಗ್ಗಿ ತೋಡಿದ ಮಣ್ಣನ್ನು ಕೈಯಿಂದಲೇ ಒಳಗೆ ಎಳೆದಳು. ತಟ್ಟಿದಳು. ಸರಿಸಿಟ್ಟ ಹೂವು, ಪತ್ರಿ ಮತ್ತೆ ಮೇಲಿಟ್ಟಳು. ಚಂದ್ರಬಾಯಿ ದಿಬ್ಬದ ಅಂಚು ಕಾಲಿನಿಂದ ಸರಿಮಾಡಿ, “ನೀರ ಹಾಕೂದು ನಾಳೆ ನಾ ನೋಡ್ಕೋತೀನಿ,” ಎಂದಳು.

ಚಂದ್ರಬಾಯಿಯ ಮನೆ ಹಿಂದಿನ ಸಾಲಿನ ನೆಲಮಹಡಿ. ಅದೊಂದಕ್ಕೇ ಬಾಗಿಲಿತ್ತು. ಒಳಗೆ ಒಲೆ, ಒಂದು ಮಂಚ, ಗುರುವಪ್ಪನ ಫೋಟೊ. ಬಾವಿಯ ನೀರಿನಿಂದ ಕೈಕಾಲು ತೊಳೆದು ನೀಲಗಂಗಾ ಗೋಡೆಗೆ ಒರಗಿ ಕೂತಳು. ಮುಕ್ಕಾದ ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡಳು. ಆಸ್ಪತ್ರೆಯಲ್ಲಿ ಮಾಡಿದ ಹಾಗೆಯೇ ಮಾಡಿದಳು, ಮೊದಲು ನೀರು, ಆಮೇಲೆ ವಿಭೂತಿ, ಆಮೇಲೆ ಪತ್ರಿ. ಆಗ ಎರಡಿದ್ದವು, ಈಗ ಒಂದು. ಮುಗಿಸಿ ಕಣ್ಣಿಗೊತ್ತಿಕೊಂಡಳು.

ಚಂದ್ರಬಾಯಿ ಅವಳ ಮುಂದೆ ಜೋಳದ ರೊಟ್ಟಿ, ಝುಣಕ, ಒಂದು ಉಳ್ಳಾಗಡ್ಡಿ ಇಟ್ಟಳು. ರೊಟ್ಟಿ ಬೆಳಿಗ್ಗೆಯದು, ಗಟ್ಟಿ. ನೀಲಗಂಗಾ ಮುರಿದು ಬಾಯಲ್ಲಿಟ್ಟುಕೊಂಡಳು. ಇಳಿಯಿತು. ಎರಡನೆಯ ತುತ್ತಿಗೆ ಖಾರ ಹತ್ತಿತು. ಇನ್ನೊಂದು ರೊಟ್ಟಿ ಕೇಳಿ ಉಂಡಳು.

“ಸಾಸಿವಿ ಜಾಸ್ತಿ ಹಾಕೀರಿ,” ಎಂದಳು.

“ಬಾಯಿಗೆ ರುಚಿ ಬಂತಲ್ಲ ಮತ್ತ. ಇನ್ನ ಹೆಸರ ಇಡಾಕ ಸುರು ಮಾಡು.”

ಹೊರಗೆ ಬಂದಾಗ ಚಂದ್ರಬಾಯಿಯ ಚೀಲದಲ್ಲಿ ಇನ್ನೂ ಒಂದು ದೀಪ ಉಳಿದಿತ್ತು. ಅದು ರುದ್ರಭೂಮಿಗೆ ಮುಖ ಮಾಡಿದ ಬಿಲ್ಡಿಂಗಿನ ಮೇಲಿನ ಮಾಳಿಗೆಗೆ. ಮುದುಕಿ ಮೆಟ್ಟಿಲ ಕೆಳಗೆ ನಿಂತು ಮೊಣಕಾಲು ಒತ್ತಿಕೊಂಡಳು. ಕೆಲವು ದಿನಗಳಿಂದ ಆ ಕಿಟಕಿ ಕತ್ತಲೇ ಇತ್ತಂತೆ. ಹತ್ತಲಿಕ್ಕಾಗಿರಲಿಲ್ಲ.

“ಕೊಡ್ರಿ ಇಲ್ಲೆ,” ಎಂದಳು ನೀಲಗಂಗಾ.

“ಒಬ್ಬಾಕಿನ ಹೋಗ್ತಿ?”

“ಒಬ್ಬಾಕಿನ ಬಂದೀನಿ.”

ಗೋಡೆಗೆ ಹತ್ತಿ ಮೆಟ್ಟಿಲು ಏರಿದಳು. ಬಾವಲಿಯೊಂದು ತಲೆಯ ಮೇಲಿಂದ ಹಾರಿತು. ಅವಳು ನಿಂತಳು, ಉಸಿರು ಬಿಟ್ಟಳು, ಮತ್ತೆ ಹತ್ತಿದಳು. ಮೇಲಿನ ಮನೆಯಲ್ಲಿ ಯಾರದೋ ಮಗು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಮೀನು ಇನ್ನೂ ಇತ್ತು. ಹಾಲ್‌ನ ಕಿಟಕಿಯಲ್ಲಿ ದೀಪ ಇಟ್ಟು ಹೊರಗೆ ನೋಡಿದಳು. ಕೆಳಗೆ ದಿಬ್ಬಗಳು. ಅವುಗಳಲ್ಲಿ ಒಂದು ಹೊಸದು, ಇನ್ನೂ ಹುಲ್ಲು ಬೆಳೆಯದ್ದು. ಅದರಾಚೆ ಖಾಡಿ, ಅದರಾಚೆ ಬೇರೆ ಊರಿನ ಬೆಳಕಿನ ಸಾಲು.

ಫೋನು ಬಂತು. ಮಗಳು ಸ್ನೇಹಲ್. ಹಾಲಿಗೆ ಹೋದವಳು ಎಲ್ಲಿದ್ದೀ, ಕಾಕಾ ಸಿಟ್ಟಾಗಿದ್ದಾರೆ ಎಂದು ಮರಾಠಿಯಲ್ಲಿ ಕೇಳಿದಳು.

“ಆಯಿ, ಕುಠೇ ಆಹೇಸ್? ದೂಧ್ ಆಣಾಯಲಾ ಇತಕಾ ವೇಳ? ಕಾಕಾ ಚಿಡಲೇತ್.”

“ನಿಮ್ಮ ಅಪ್ಪನ ಹಂತ್ಯಾಕ ಬಂದಿದ್ದೆ. ಬರಾಕತ್ತೀನಿ. ಕಾಕಾಗ ಹೇಳು, ನಾಳೆ ಪೂಜಿಗೆ ನಾ ಕುಂಡ್ರತೀನಿ. ಅವರ ಲಿಂಗಾ ಹಿಡಕೊಂಡ ಕುಂಡ್ರತೀನಿ. ಮಂದಿ ಕೇಳಿದ್ರ ನಾನ ಹೇಳ್ತೀನಿ.”

ಮಗಳು ಕೇಳಿದಳು, “ಜೇವಲೀಸ್ ಕಾ?”

“ಉಂಡೀನಿ. ಎರಡ ರೊಟ್ಟಿ. ಮತ್ತ ಕಪಾಟಿನ್ಯಾಗ ನನ್ನ ಹಳೇ ಸೀರಿ ಅದಾವಲ್ಲ, ತಗದಿಡು. ಎಲ್ಲಾ ಬಣ್ಣದ್ದು.”

ಕೆಳಗಿನಿಂದ ಚಂದ್ರಬಾಯಿ ಕೂಗಿದಳು.

“ಅಲ್ಲಿ ಇಡಬ್ಯಾಡ! ಅಡಗೀಮನೀ ಕಿಟಕ್ಯಾಗ ಇಡು. ಈ ಹೊತ್ತಿಗೆ ಹೆಂಗಸರು ಅಲ್ಲೆ ಇರ್ತಾರ!”

ನೀಲಗಂಗಾ ದೀಪ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಒಲೆಯ ಕಟ್ಟೆ ಒಡೆದಿತ್ತು. ಕಟ್ಟೆಯ ಮೇಲಿನ ಎಲೆಗಳನ್ನು ಸೆರಗಿನಿಂದ ಗುಡಿಸಿ, ಕಿಟಕಿಯಲ್ಲಿ ದೀಪ ಇಟ್ಟು, ಒಂದು ಗಳಿಗೆ ಅಲ್ಲೇ ನಿಂತಳು.

“ಹಾಂ,” ಎಂದಳು ಕೆಳಗಿನಿಂದ ಚಂದ್ರಬಾಯಿ. “ಈಗ ಮನಿ ಆತು ನೋಡು.”